ಆಸ್ತಿಯ ಬೀಗದ ಕೈ, ವರ್ಗಾವಣೆಯ ಪೆನ್ನು

ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಮುಖ್ಯಸ್ಥರಾದ ಮಾಡರೇಟರರ ಚುನಾವಣೆ ಸರಿಯಾಗಿ ನಡೆಯಿತೇ ಇಲ್ಲವೇ ಎಂಬುದನ್ನು ಮದ್ರಾಸ್ ಹೈಕೋರ್ಟ್ ಹೇಳಬೇಕಾಯಿತು. ಬಿಷಪ್ಪರ ನಿವೃತ್ತಿ ವಯಸ್ಸನ್ನು 67ರಿಂದ 70ಕ್ಕೆ ಏರಿಸಿದ ತಿದ್ದುಪಡಿಯ ಕತೆಯೂ ಅಲ್ಲಿಗೇ ಹೋಯಿತು. 2024ರ ಏಪ್ರಿಲ್‌ನಲ್ಲಿ ಸಿ.ಎಸ್.ಐ.ಯ ಅತ್ಯುನ್ನತ ಮಂಡಳಿಯಾದ ಸಿನೊಡ್ಡಿನ ಆಡಳಿತ ನೋಡಿಕೊಳ್ಳಲು ಇಬ್ಬರು ನಿವೃತ್ತ ನ್ಯಾಯಮೂರ್ತಿಗಳ ನೇಮಕವಾದದ್ದು, ಜಗಳ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದು ಓದುಗರಿಗೆ ಗೊತ್ತೇ ಇದೆ. ಇದರ ಬಗ್ಗೆ ನಾವು ಬರೆದದ್ದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವುಗಳದ್ದು ಒಂದೇ ರಾಗ: ಮನೆಯ ಮಾತನ್ನು ಬೀದಿಗೆ ತರಬೇಡಿ. ನಮ್ಮ ಸಹೋದರ ಪತ್ರಿಕೆಯೊಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮತಾಂತರದ ಗುಲ್ಲೆದ್ದಿರುವ ಈ ಕಾಲದಲ್ಲಿ ಇಂಥದನ್ನು ಅಚ್ಚು ಹಾಕುವವರು ವೈರಿಗಳ ಕಡೆಯವರೆಂದು ತೀರ್ಪನ್ನೇ ಕೊಟ್ಟಿದೆ.

2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಮೇಲೆ ದಾಳಿಯಾದಾಗ ರಸ್ತೆಗಿಳಿದು ಪೊಲೀಸರ ಲಾಠಿ ತಿಂದವರು ಸಾಮಾನ್ಯ ವಿಶ್ವಾಸಿಗಳು. 2022ರ ಮತಾಂತರ ವಿರೋಧಿ ಕಾಯ್ದೆ ಬಂದಾಗ ಮನೆಯೊಳಗೆ ಪ್ರಾರ್ಥನೆ ಮಾಡಲೂ ಅಂಜಿದವರು ಅವರೇ. ಏಟು ತಿನ್ನುವಾಗ ನಮ್ಮವರಾಗಿದ್ದವರು ಲೆಕ್ಕ ಕೇಳಿದ ಕೂಡಲೇ ವೈರಿಗಳಾಗುವುದು ಹೇಗೆ? ಅಷ್ಟಕ್ಕೂ ಈ ಮನೆಯ ಮಾತನ್ನು ಬೀದಿಗೆ ತಂದವರು ನಾವಲ್ಲ. ವಕೀಲರಿಗೆ ಫೀಸು ಕೊಟ್ಟು ತಂದವರು ಬೇರೆಯೇ ಇದ್ದಾರೆ.

ಪದವಿಯ ಆಸೆ ಮನುಷ್ಯರಿಗೆಲ್ಲ ಇರುವುದೇ, ಪ್ರಾರ್ಥನೆ ಮಾಡೋಣ ಎನ್ನುವ ಸಜ್ಜನರ ಮಾತೂ ನಮಗೆ ಒಪ್ಪಿಗೆಯಿಲ್ಲ. ಆಸೆ ಎಲ್ಲ ಕಡೆ ಇದ್ದರೂ ಅದು ಹುಲುಸಾಗಿ ಬೆಳೆಯಲು ನೆಲ ಬೇಕು. ನಮ್ಮಲ್ಲಿ ಆ ನೆಲ ನಿಜವಾದ ನೆಲವೇ. ಪೇಟೆಯ ನಟ್ಟನಡುವಿನ ಮಿಷನ್ ಕಾಂಪೌಂಡುಗಳು, ಶಾಲೆ, ಆಸ್ಪತ್ರೆ, ಹಾಸ್ಟೆಲ್ಲುಗಳು ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಷನ್ ಎಂಬ, 1947ರಲ್ಲೇ ನೋಂದಾಯಿತವಾದ ಕಂಪನಿಯ ಹೆಸರಿನಲ್ಲಿವೆ. ಕಾಗದದಲ್ಲಿ ಒಡೆತನ ಅದರದು. ಊರಿನಲ್ಲಿ ಮಾತ್ರ ಬಾಡಿಗೆಗೆ ಕೊಡುವುದು, ಲೀಸ್ ಬರೆಯುವುದು, ಹೆಡ್‌ಮಾಸ್ತರನ್ನು ನೇಮಿಸುವುದು ಯಾರ ಸಹಿಯಿಂದಲೋ ಅವರೇ ದೊರೆ.

ಅದೇ ದೊರೆಯ, ಎಂದರೆ ಬಿಷಪ್ಪರ, ಕೈಯಲ್ಲಿ ಸಭಾಪಾಲಕರ ವರ್ಗಾವಣೆಯ ಪೆನ್ನೂ ಇದೆ. ಮಿನಿಸ್ಟೀರಿಯಲ್ ಕಮಿಟಿ ಎಂಬುದೊಂದು ಇದೆ, ನಿಜ. ಬಿಷಪ್ಪರ ಮುಖ ನೋಡದೆ ಅದು ಯಾರನ್ನು ಎಲ್ಲಿಗೆ ಕಳಿಸಿದ್ದನ್ನು ಕಂಡಿದ್ದೀರಿ, ಹೇಳಿ. ಈಗ ಬಿಷಪ್ಪರ ಚುನಾವಣೆಯ ಲೆಕ್ಕ ನೋಡಿ. ಸಭಾಪ್ರಾಂತದ ಕೌನ್ಸಿಲ್ ಮತ ಹಾಕಿ ಕೆಲವು ಹೆಸರುಗಳ ಪ್ಯಾನೆಲ್ ಮಾಡುತ್ತದೆ, ಸಿನೊಡ್ ಅದರಲ್ಲಿ ಒಬ್ಬರನ್ನು ಆರಿಸುತ್ತದೆ. ಆ ಕೌನ್ಸಿಲಿನಲ್ಲಿ ಮತ ಹಾಕುವವರು ಯಾರು? ಸಭಾಪಾಲಕರು, ಅವರ ಸಭೆಗಳಿಂದ ಬಂದ ಪ್ರತಿನಿಧಿಗಳು. ಮಗಳು ಎಸ್ಸೆಸ್ಸೆಲ್ಸಿಯಲ್ಲಿರುವಾಗ, ವರ್ಷದ ನಡುವೆ, ಬಸ್ಸೂ ಸರಿಯಾಗಿಲ್ಲದ ಊರಿಗೆ ಎತ್ತಂಗಡಿಯಾಗುವ ಭಯವಿರುವ ಪಾದ್ರಿಗೆ ಗುಪ್ತ ಮತದಾನ ಎಷ್ಟು ಗುಪ್ತ? ಒಳ್ಳೆಯ ಪೇಟೆ ಸಭೆಯ ಆಸೆಯಿರುವವನಿಗಂತೂ ಯಾರೂ ಹೇಳಿಕೊಡಬೇಕಾಗಿಲ್ಲ.

ಹಿರಿಯರು ಈ ಅಪಾಯವನ್ನು ಕಾಣದವರಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಹಲವು ಸಭೆಗಳು ಐಕ್ಯವಾಗಿ ಸಿ.ಎಸ್.ಐ. ಆಗುವ ಮುಂಚೆ ಹತ್ತಾರು ವರ್ಷ ವಾದ ನಡೆದಿತ್ತು. ಆಂಗ್ಲಿಕನರ ಬಿಷಪ್‌ಗಿರಿ ಎಂದರೆ ಮೆಥಡಿಸ್ಟರಿಗೂ ಕಾಂಗ್ರಿಗೇಷನಲಿಸ್ಟರಿಗೂ ಗುಮಾನಿ. ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಬಿಷಪ್ ಇರಲಿ, ಆದರೆ ಸಭೆಯ ಸಂವಿಧಾನಕ್ಕೆ ಕಟ್ಟುಬಿದ್ದವನಾಗಿರಲಿ. ಅಂದು ಮಧುರೆಯ ಬಿಷಪ್ಪರಾದ ಲೆಸ್ಲಿ ನ್ಯೂಬಿಗಿನ್‌ಗೆ ವಯಸ್ಸು 37. ಹಳ್ಳಿ ಸಭೆಗಳ ಸುತ್ತಾಟವನ್ನು ಅವರು ದಿನಚರಿಯಾಗಿ ಬರೆದಿಟ್ಟ ಪುಸ್ತಕವಿದೆ. ಅದಕ್ಕೂ ಮುಂಚೆ, 1912ರಲ್ಲಿ, ದೋರ್ನಕಲ್ಲಿಗೆ ಬಿಷಪ್ಪರಾಗಿ ಹೋದ ವಿ.ಎಸ್. ಅಜರಯ್ಯ ಓಡಾಡಿದ್ದು ತೆಲುಗು ನಾಡಿನ ದಲಿತ ಕೇರಿಗಳಲ್ಲಿ. ಇವತ್ತಿನ ಬಿಷಪ್ಪರ ಡೈರಿಯನ್ನು ಯಾರಾದರೂ ಅಚ್ಚು ಹಾಕಿದರೆ ಅದರಲ್ಲಿ ಕೇರಿಗಳೆಷ್ಟು, ಕೋರ್ಟಿನ ವಾಯಿದೆಗಳೆಷ್ಟು ಎಂದು ಎಣಿಸುವ ಆಸೆ ನಮಗಿದೆ.

1970ರಲ್ಲಿ ಮೈಸೂರು ಸಭಾಪ್ರಾಂತ ಮೂರಾಗಿ ಧಾರವಾಡ, ಬೆಂಗಳೂರು, ಮಂಗಳೂರುಗಳಿಗೆ ಒಬ್ಬೊಬ್ಬರು ಬಿಷಪ್ ಬಂದಾಗ, ಹಿರಿಯ ಕುರುಬ ಮಂದೆಗೆ ಹತ್ತಿರವಾದನೆಂದು ನಾವೆಲ್ಲ ಹಿಗ್ಗಿದೆವು. ಹತ್ತಿರವಾದದ್ದು ಕಚೇರಿ.

ಇದರ ಬಿಸಿ ತಟ್ಟುವುದು ಸಭೆಗೆ. ಅಯ್ಯನವರು ಬರುತ್ತಾರೆ, ಮನೆಗಳ ಗುರುತು ಹಿಡಿಯುವಷ್ಟರಲ್ಲಿ ಹೊರಡುತ್ತಾರೆ. ಇದ್ದಷ್ಟು ದಿನ ಶಾಲಾ ಕಮಿಟಿ, ಬಾಡಿಗೆ ಬಾಕಿ, ಕೋರ್ಟಿನ ವಾಯಿದೆ. ಯಾವ ಮುದುಕಿ ಮಲಗಿದಲ್ಲೇ ಇದ್ದಾಳೆ, ಯಾರ ಮಗ ಕುಡಿತಕ್ಕೆ ಬಿದ್ದ, ಯಾವ ಮನೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಇವೆಲ್ಲ ಗೊತ್ತಿರುವುದು ನಿವೃತ್ತ ಮೇಷ್ಟ್ರಾದ ಸಭಾಹಿರಿಯರಿಗೆ. ಕರ್ತನ ಭೋಜನದ ರೊಟ್ಟಿಯನ್ನು ಮುದುಕಿಯ ಮನೆಗೆ ಒಯ್ಯುವ ಅಧಿಕಾರ ಅವರಿಗಿಲ್ಲ. ಅಧಿಕಾರವಿದ್ದವರು ವಾಯಿದೆಗೆ ಹೋಗಿದ್ದಾರೆ.

ಪೆಂತೆಕೊಸ್ತಿನವರು ನಮ್ಮ ಕುರಿ ಕದಿಯುತ್ತಾರೆ ಎಂಬ ದೂರು ನಮ್ಮ ಪಾದ್ರಿಗಳಿಗೆ ಬಾಯಿಪಾಠ. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಬಂದು ಕೈಹಿಡಿದು ಪ್ರಾರ್ಥಿಸಿದವರ ಹಿಂದೆ ಜನ ಹೋದರೆ ಅದಕ್ಕೆ ಕಳವು ಎನ್ನುವುದು ನಾಚಿಕೆಗೇಡು. ಹಾಗೆಂದು ಅಲ್ಲಿ ಎಲ್ಲ ಸುಸೂತ್ರ ಎಂದೂ ಅಲ್ಲ. ಅಪ್ಪ ಸ್ಥಾಪಿಸಿದ ಸಭೆಗೆ ಮಗ ಪಾಸ್ಟರ್, ಸೊಸೆ ಖಜಾಂಚಿ, ಲೆಕ್ಕ ಕೇಳುವವನಿಗೆ ಸೈತಾನನ ಪಟ್ಟ. ನಮ್ಮಲ್ಲಿ ಜಗಳವಾಡಲು ಒಂದು ಕೌನ್ಸಿಲ್ ಆದರೂ ಇದೆ.

ಆ ಕೌನ್ಸಿಲಿನ ಮುಂದೆ ನಮ್ಮ ಬೇಡಿಕೆ ಒಂದೇ: ಆಸ್ತಿಯ ಬೀಗದ ಕೈ ಮತ್ತು ವರ್ಗಾವಣೆಯ ಪೆನ್ನು ಒಂದೇ ಕೈಯಲ್ಲಿ ಇರಕೂಡದು. ಆಸ್ತಿ, ಬಾಡಿಗೆ, ನೇಮಕಾತಿಗಳನ್ನು ದೀಕ್ಷೆ ಪಡೆಯದ, ಲೆಕ್ಕ ಬಲ್ಲ ಜನರಿಗೆ ಒಪ್ಪಿಸಿ, ವರ್ಷಕ್ಕೊಮ್ಮೆ ಆಡಿಟ್ ವರದಿಯನ್ನು ಪ್ರತಿ ಚರ್ಚಿನ ಬಾಗಿಲಿಗೆ ಕನ್ನಡದಲ್ಲಿ ಅಂಟಿಸಿ. ಸಭಾಪಾಲಕರ ಅವಧಿ ಮೊದಲೇ ಗೊತ್ತುಮಾಡಿ, ನಡುವೆ ಎಬ್ಬಿಸಬೇಕಾದರೆ ಕಾರಣ ಬರೆದುಕೊಡಿ, ಆ ಸಭೆಯ ಮಾತನ್ನೂ ಕೇಳಿ. ಆಗ ಬಿಷಪ್ಪರ ಕೈಯಲ್ಲಿ ಉಳಿಯುವುದು ಪ್ರಸಂಗ, ಉಪದೇಶ, ಸಂತೈಸುವ ಕೆಲಸ. ಅಷ್ಟಕ್ಕಾಗಿ ಯಾರು ಹೈಕೋರ್ಟಿಗೆ ಹೋಗುತ್ತಾರೋ ನೋಡೋಣ. ಚುನಾವಣೆಯ ವರ್ಷದಲ್ಲಿ ಮಂದೆಯನ್ನು ಬಿಟ್ಟು ತಮ್ಮನ್ನೇ ಮೇಯಿಸಿಕೊಂಡ ಕುರುಬರನ್ನು ಗದರಿಸುವ ಯೆಹೆಜ್ಕೇಲನ 34ನೆಯ ಅಧ್ಯಾಯವನ್ನು ಪ್ರಸಂಗಕ್ಕೆ ಆರಿಸಿಕೊಳ್ಳುವ ಧೈರ್ಯ ಯಾರಿಗಾದರೂ ಇದ್ದರೆ ಆ ಪ್ರಸಂಗವನ್ನು ಇಡಿಯಾಗಿ ಪ್ರಕಟಿಸುತ್ತೇವೆ.



ಇನ್ನೊಂದು ವಿಷಯ. ಬಿಷಪ್ಪರ ಹುಟ್ಟುಹಬ್ಬಕ್ಕೆ, ದೀಕ್ಷೆಯ ವಾರ್ಷಿಕೋತ್ಸವಕ್ಕೆ ಪುಟ ತುಂಬ ಬಣ್ಣದ ಫೋಟೋ ಹಾಕಿ ಶುಭ ಕೋರುವ ಜಾಹೀರಾತುಗಳನ್ನು ಈ ಪತ್ರಿಕೆ ಇನ್ನು ತೆಗೆದುಕೊಳ್ಳುವುದಿಲ್ಲ. ಮುಂಗಡ ಕಳಿಸಿದವರಿಗೆ ಹಣ ವಾಪಸ್ ಕೊಡುತ್ತೇವೆ, ರಸೀದಿ ತನ್ನಿ.