ಕಾಣದ ಧಣಿಯ ಕೆಲಸ

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಸಿದ್ದಾಪುರದ ಸುತ್ತಮುತ್ತ ಕೂಲಿಯೆಂದರೆ ಕಣ್ಣೆದುರಿನ ಲೆಕ್ಕ. ಭತ್ತದ ನಾಟಿಗೆ ಇಳಿದ ಹೆಣ್ಣುಮಕ್ಕಳು ಎಷ್ಟು ಎಕರೆ ಮುಗಿಸಿದರೆಂಬುದು ಬದುವಿನ ಮೇಲೆ ನಿಂತವನಿಗೂ ಗೊತ್ತು. ಕಾರಟಗಿಯ ಅಕ್ಕಿ ಗಿರಣಿಗಳಲ್ಲಿ ಹಮಾಲರು ಹೊತ್ತ ಚೀಲಗಳನ್ನು ಎಣಿಸಬಹುದು. ಅಲ್ಲಿ ಜಗಳಗಳಿಲ್ಲವೆಂದಲ್ಲ, ಜಗಳವಾದರೆ ಯಾರ ಬಾಗಿಲಿಗೆ ಹೋಗಬೇಕೆಂಬುದು ತಿಳಿದಿರುತ್ತದೆ.

2020ರ ಮಾರ್ಚ್ ತಿಂಗಳ ಲಾಕ್‌ಡೌನ್ ತರುವಾಯ ನಮ್ಮ ಮನೆಗಳೊಳಗೆ ಇನ್ನೊಂದು ಬಗೆಯ ದುಡಿಮೆ ಹೆಚ್ಚಾಗಿ ಕಾಣಿಸಿಕೊಂಡಿದೆ. ಧಣಿ ದೂರದ ನಗರದಲ್ಲಿ, ಕೆಲಸ ಲ್ಯಾಪ್‌ಟಾಪಿನಲ್ಲಿ. ಪದವಿ ಮುಗಿಸಿದ ಮಗಳು ಊರು ಬಿಡದೆಯೇ ಸಂಪಾದಿಸುವಳೆಂಬ ತಂದೆತಾಯಿಗಳ ಸಂತೋಷ ಸಹಜವಾದುದೇ. ಅಂತಹ ಒಂದು ಸಂಸ್ಥೆಗಾಗಿ ಕೆಲವು ತಿಂಗಳು ದುಡಿದ ನಮಗೆ ಆ ಸಂತೋಷದ ಮರುಮುಖವೂ ಪರಿಚಯವಾಯಿತು.

ನಮಗೆ ವಹಿಸಿದ್ದು ಕನ್ನಡ ಮಾತಿನ ಧ್ವನಿಮುದ್ರಣಗಳನ್ನು ಕೇಳಿ ಬರೆದುಕೊಡುವ ಕೆಲಸ. ಯಂತ್ರಗಳಿಗೆ ಕನ್ನಡ ಕಲಿಸಲು ಇಂತಹ ಬರಹ ಬೇಕಾಗುತ್ತದೆ. ರೈತನೊಬ್ಬ 'ಹೊಲಕ್ಕ ಹೊಂಟೀನ್ರಿ' ಎಂದುದನ್ನು ಆಡಿದಂತೆಯೇ ಬರೆಯಿರೆಂದು ಒಬ್ಬರು ಆದೇಶವಿತ್ತರು. ಹಾಗೆಯೇ ಬರೆದು ಕಳುಹಿಸಿದ ಬಳಿಕ, 'ಹೊಲಕ್ಕೆ ಹೊರಟಿದ್ದೇನೆ' ಎಂದು ತಿದ್ದಿಕೊಡಿರೆಂದು ಮತ್ತೊಬ್ಬರು ಹೇಳಿದರು. ತಿದ್ದಿಕೊಟ್ಟದ್ದನ್ನು ಮೂರನೆಯವರು, ಮೂಲದ ಮಾತಿನಂತಿಲ್ಲವೆಂದು ಪೂರ್ತಿಯಾಗಿ ತಿರಸ್ಕರಿಸಿದರು. ಈ ಮೂವರೂ ಒಮ್ಮೆಯಾದರೂ ತಮ್ಮತಮ್ಮಲ್ಲಿ ಮಾತನಾಡಿಕೊಂಡಂತೆ ಕಾಣಲಿಲ್ಲ. ಅವರಲ್ಲಿ ಕನ್ನಡ ಬಲ್ಲವರಿದ್ದರೇ ಎಂಬ ಸಂಶಯ ನಮಗೆ ಇಂದಿಗೂ ಉಂಟು. ಹತ್ತು ನಿಮಿಷದ ಮಾತನ್ನು ಬರೆಯಲು ಒಂದು ಗಂಟೆಯಾದರೂ ಹಿಡಿಯುತ್ತಿತ್ತು. ಹಣವೋ, ಅವರು ಅಂಗೀಕರಿಸಿದ ನಿಮಿಷಗಳಿಗೆ ಮಾತ್ರ. ತಿಂಗಳ ಕೊನೆಗೆಂದು ಹೇಳಿದ ಹಣ ಮೂರನೆಯ ತಿಂಗಳಲ್ಲಿ, ಅದೂ ಅರ್ಧದಷ್ಟು ಬಂದಿತು. ವಿಚಾರಿಸಿ ಬರೆದರೆ, ಕೆಲಸ ವಹಿಸಿದವರು ಸಂಸ್ಥೆಯನ್ನೇ ತೊರೆದಿರುವರೆಂಬ ಉತ್ತರ.

ಇದನ್ನು ವಂಚನೆ ಎಂದು ನಾವು ಕರೆಯುವುದಿಲ್ಲ. ವಂಚಿಸಲು ಬೇಕಾದ ಶಿಸ್ತೂ ಅಲ್ಲಿರಲಿಲ್ಲ. ಆದರೆ ಆ ಅವ್ಯವಸ್ಥೆಯ ಬೆಲೆಯನ್ನು ತೆತ್ತವರು ಸಂಸ್ಥೆಯವರಲ್ಲ, ಮನೆಯಲ್ಲಿ ಕುಳಿತು ದುಡಿದವರು.

1936ರ ವೇತನ ಪಾವತಿ ಕಾಯ್ದೆಯು ಸಾವಿರಕ್ಕಿಂತ ಕಡಿಮೆ ಕಾರ್ಮಿಕರಿರುವಲ್ಲಿ ಮುಂದಿನ ತಿಂಗಳ 7ನೆಯ ದಿನ ಮುಗಿಯುವುದರೊಳಗೆ ಸಂಬಳ ಕೊಡಬೇಕೆಂದು ವಿಧಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯೂ ತಿಂಗಳ ಸಂಬಳಕ್ಕೆ ಏಳು ದಿನಗಳ ಗಡುವನ್ನೇ ಇಟ್ಟಿದೆ. ಆದರೆ ಒಪ್ಪಂದದಲ್ಲಿ ನಮ್ಮನ್ನು ನೌಕರರೆಂದು ಕರೆಯದೆ 'ಸ್ವತಂತ್ರ ಗುತ್ತಿಗೆದಾರರು' ಎಂದು ಬರೆದಿದ್ದರು. ಹೀಗೆ ಬರೆಸಿಕೊಂಡವರಿಗೆ ಆ ಗಡುವಿನ ರಕ್ಷಣೆ ಕೇಳುವುದೇ ಕಷ್ಟ.

ಜಗದ್ಗುರು ಎರಡನೆಯ ಜಾನ್ ಪೌಲರು 1981ರಲ್ಲಿ ಮಾನವನ ದುಡಿಮೆಯನ್ನು ಕುರಿತು ಹೊರಡಿಸಿದ ವಿಶ್ವಪರಿಪತ್ರದಲ್ಲಿ ನೇರ ಉದ್ಯೋಗದಾತನೊಡನೆ ಪರೋಕ್ಷ ಉದ್ಯೋಗದಾತನ ಹೊಣೆಯನ್ನೂ ವಿವರಿಸಿದ್ದಾರೆ. ದುಡಿಮೆಯ ಷರತ್ತುಗಳನ್ನು ರೂಪಿಸುವವರೆಲ್ಲರೂ ಆ ಹೊಣೆಯಲ್ಲಿ ಪಾಲುಗಾರರು. ಕೆಲಸ ಮಾಡಿಸಿಕೊಳ್ಳುವ ದೊಡ್ಡ ಕಂಪನಿ, ಅದರಿಂದ ಗುತ್ತಿಗೆ ಹಿಡಿದವರು, ಅವರಿಂದ ಮತ್ತೆ ಹಿಡಿದವರು ಎಂಬ ಇಂದಿನ ಸರಪಳಿಗೆ ಇದಕ್ಕಿಂತ ಹೊಂದುವ ಮಾತು ಬೇರಿಲ್ಲ.

ಮಕ್ಕಳು ಇಂತಹ ಕೆಲಸ ಹಿಡಿದಾಗ ಹಿರಿಯರು ಕೇಳುವುದು ಸಂಬಳ ಎಷ್ಟೆಂದು ಮಾತ್ರ. ಆದೇಶ ಕೊಡುವವರು ಒಬ್ಬರೋ ಹಲವರೋ, ಕೆಲಸ ಒಪ್ಪಿಗೆಯಾಯಿತೆಂದು ಹೇಳುವ ಅಧಿಕಾರ ಯಾರದು, ಆದೇಶ ಬದಲಾದರೆ ಎರಡನೆಯ ಸಲದ ದುಡಿಮೆಗೆ ಕೂಲಿಯುಂಟೇ ಎಂಬುದನ್ನೂ ಕೇಳಲಿ. ಉತ್ತರ ಫೋನಿನಲ್ಲಿ ಬಂದರೆ ಸಾಲದು, ಬರಹದಲ್ಲಿ ಬರಬೇಕು. ಮೊದಲ ತಿಂಗಳ ಹಣ ಕೈಸೇರುವ ಮುನ್ನ ಎರಡನೆಯ ತಿಂಗಳ ಕೆಲಸಕ್ಕೆ ಕೈಹಚ್ಚುವುದು ಬೇಡ. ನಮಗೆ ಬರಬೇಕಾದ ಉಳಿದರ್ಧ ಇನ್ನೂ ಬಂದಿಲ್ಲ.