ಕೆಲಸ ಹೋದರೂ ಚೀಟಿ ಬಿಸಾಡಬೇಡಿ



ಕೆಲಸ ಹೋದರೆ ನಾವು ಬಾಕಿ ಪಗಾರವನ್ನು ಕೇಳುತ್ತೇವೆ, ಇ.ಎಸ್.ಐ. ಚೀಟಿಯನ್ನು ಮರೆಯುತ್ತೇವೆ. ಅದು ಧಣಿಯ ದಾನವಲ್ಲ. 2019ರಲ್ಲಿ ಗೊತ್ತುಮಾಡಿದಂತೆ ನೂರು ರೂಪಾಯಿ ಪಗಾರಕ್ಕೆ ನಮ್ಮ ಮುಕ್ಕಾಲು ರೂಪಾಯಿ, ಧಣಿಯ ಮೂರೂಕಾಲು ರೂಪಾಯಿ ಸಲ್ಲಬೇಕು. ಕಡಿದ ಹಣ ಕಟ್ಟಿದ್ದಾರೆಯೇ ಎಂದು ಕೆಲಸದಲ್ಲಿರುವಾಗಲೇ ವಿಚಾರಿಸಿರಿ.

ಕೆಲಸ ಹೋದ ದಿನವೇ ಹಕ್ಕು ಹೋಗುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಿದ್ದರೆ ಮುಂದಿನ ಜೂನ್ ಕೊನೆಯವರೆಗೂ, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಾದರೆ ಮುಂದಿನ ಡಿಸೆಂಬರ್ ಕೊನೆಯವರೆಗೂ ಔಷಧೋಪಚಾರ ಉಂಟು.

ಈ ತಿಂಗಳುಗಳು ಸುಮ್ಮನಿರಲಿಕ್ಕಲ್ಲ. ಬೇರೆ ಕೆಲಸ ಸಿಗದಿದ್ದರೆ ಇಷ್ಟರೊಳಗೇ ಸ್ವಂತ ಆರೋಗ್ಯ ವಿಮೆ ಮಾಡಿಸಬೇಕು. 2024ರ ನಿಯಮದಂತೆ ಮೊದಲೇ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ವಿಮಾ ಕಂಪೆನಿ ಮೂರು ವರ್ಷದವರೆಗೆ ಕಾಯಿಸಬಹುದು. ತಡಮಾಡಿದಷ್ಟೂ ಆ ಗಡುವು ದೂರ. ಮಾಲಿಕರ ಗುಂಪು ವಿಮೆಯಲ್ಲಿದ್ದವರು ಬಿಡುವ ಮೊದಲೇ ಅದೇ ಕಂಪೆನಿಯ ಸ್ವಂತ ಪಾಲಿಸಿಗೆ ಬದಲಾಯಿಸಲು ಅರ್ಜಿ ಕೊಡಲಿ. ಹಾಗಾದರೆ ಕಾದ ವರ್ಷಗಳು ಲೆಕ್ಕಕ್ಕೆ ಬರುತ್ತವೆ.

ಏಜೆಂಟನ ಮಾತಿಗೆ ಕಾಯಿಲೆ ಮುಚ್ಚಿಡಬೇಡಿ. ಆಸ್ಪತ್ರೆಯ ಬಿಲ್ಲು ಬಂದಾಗ ಹಣ ನಿರಾಕರಿಸಲು ಅದೇ ನೆಪವಾಗುತ್ತದೆ.

ಓದಬಲ್ಲವರು ಓದಲಾರದವರಿಗೆ ಕರಾರು ಓದಿ ಹೇಳಿರಿ. ಕಾಯಿಲೆ ಕೆಲಸ ಕೇಳಿ ಬರುವುದಿಲ್ಲ. ಅದು ಬರುವ ಮೊದಲೇ ನಾವು ಸಿದ್ಧರಾಗೋಣ.