ಕೋಬೆಯಲ್ಲಿ ಒಂದು ದಿನದ ಕಾಲ್ನಡಿಗೆ



ನಮ್ಮ ಅಳಿಯಂದಿರಿಗೆ ಜಪಾನಿನ ಓಸಾಕಾದಲ್ಲಿ ಕೆಲಸ. ಅವರಲ್ಲಿಗೆ ಹೋದಾಗ ನಾವು ದಂಪತಿಗಳು ಹತ್ತಿರದ ಕೋಬೆ ಪಟ್ಟಣವನ್ನು ಒಂದು ದಿನ ನಡೆದೇ ನೋಡಿ ಬಂದೆವು. ಮಾರ್ಗದರ್ಶಿ ಇಲ್ಲ, ಟ್ಯಾಕ್ಸಿ ಇಲ್ಲ. ಸನ್ನೊಮಿಯಾ ಸ್ಟೇಷನ್ನಿನಲ್ಲಿ ಸಿಕ್ಕ ನಕ್ಷೆ, ನೀರಿನ ಬಾಟಲಿ, ಅಕ್ಕಲಕೋಟೆಯಿಂದ ಒಯ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಇಷ್ಟೇ. ಮ್ಯಾಟ್ರಿಕ್ ಓದಿದ ನಮಗೆ ಜಪಾನಿ ಅಕ್ಷರ ಎಲ್ಲಿಂದ ಬರಬೇಕು? ಆದರೂ ದಾರಿ ತಪ್ಪಲಿಲ್ಲ. ಉತ್ತರಕ್ಕೆ ರೊಕ್ಕೊ ಬೆಟ್ಟ, ದಕ್ಷಿಣಕ್ಕೆ ಸಮುದ್ರ, ನಡುವೆ ಪಟ್ಟಿಯಂತೆ ಊರು. ಅಲ್ಲಿಯ ಜನ ದಿಕ್ಕು ಹೇಳುವುದೇ 'ಬೆಟ್ಟದ ಕಡೆ', 'ಸಮುದ್ರದ ಕಡೆ' ಎಂದು.

ಕಾಲಿಗೆ ಬಲವಿರುವಾಗಲೇ ಏರು ಹತ್ತಬೇಕೆಂದು ಮೊದಲು ಬೆಟ್ಟದ ಕಡೆಯ ಕಿತಾನೊ ಓಣಿಗಳಿಗೆ ಹೋದೆವು. ಅಲ್ಲಿ ಬಿಳಿ ಅಮೃತಶಿಲೆಯ ಮಹಾವೀರ ಸ್ವಾಮಿ ಮಂದಿರವಿದೆ. 1985ರಲ್ಲಿ ಕಟ್ಟಿದ್ದು. ದರ್ಶನ ಮಾಡಿ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತೆವು. ಇಷ್ಟು ದೂರದ ಊರಿಗೆ ನಮ್ಮವರು ಬಂದದ್ದು ಮುತ್ತಿನ ವ್ಯಾಪಾರಕ್ಕಾಗಿ. ಜಪಾನಿನ ಸಾಕಿದ ಮುತ್ತುಗಳನ್ನು ಆರಿಸಿ, ಬಣ್ಣ ನೋಡಿ ಬೇರ್ಪಡಿಸಿ, ಹೊರದೇಶಕ್ಕೆ ಕಳಿಸುವ ಪೇಟೆ ಕೋಬೆ. ಚಿಪ್ಪಿನ ಜೀವ ತೆಗೆದು ಪಡೆಯುವ ಮುತ್ತಿನ ವ್ಯಾಪಾರ ನಮ್ಮ ಧರ್ಮಕ್ಕೆ ಒಪ್ಪುತ್ತದೆಯೇ ಎಂದು ನಮ್ಮ ಮನೆಯವರು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಭಾರತದ ವ್ಯಾಪಾರಿಗಳು ಕೋಬೆಯಲ್ಲಿ ಹೆಚ್ಚಾದುದಕ್ಕೂ ಒಂದು ಭೂಕಂಪವೇ ಕಾರಣ. 1923ರಲ್ಲಿ ತೋಕಿಯೊ ಮತ್ತು ಯೊಕೊಹಾಮಾ ನೆಲಸಮವಾದಾಗ, ಯೊಕೊಹಾಮಾದಲ್ಲಿ ರೇಷ್ಮೆ, ಬಟ್ಟೆಯ ವ್ಯಾಪಾರ ಮಾಡುತ್ತಿದ್ದ ಅನೇಕರು ಇಲ್ಲಿಗೆ ಬಂದರು. ಅದೇ ಬೆಟ್ಟದ ಕೆಳಗೆ 1935ರ ಮಸೀದಿ ಇದೆ, ಜಪಾನಿನಲ್ಲಿಯೇ ಮೊದಲನೆಯದು. ಅದಕ್ಕೂ ನಮ್ಮ ದೇಶದ ಮುಸಲ್ಮಾನ ವ್ಯಾಪಾರಿಗಳು ಹಣ ಕೂಡಿಸಿದ್ದರು. 1945ರ ಬಾಂಬಿನ ಬೆಂಕಿಯಲ್ಲಿ ಸುತ್ತಲಿನ ಮನೆಗಳೆಲ್ಲ ಸುಟ್ಟರೂ ಮಸೀದಿ ನಿಂತಿತು.

ಕಿತಾನೊದಲ್ಲಿ ಪರದೇಶಿ ವ್ಯಾಪಾರಿಗಳ ಮನೆಗಳು, ಸಮುದ್ರದ ಕಡೆ ಅವರ ಪೇಢಿಗಳು. ಎರಡನ್ನೂ ಕೂಡಿಸುವ ಇಳಿಜಾರು ದಾರಿಗೆ ತೋರ್ ರೋಡ್ ಎನ್ನುತ್ತಾರೆ. ಬೆಳಿಗ್ಗೆ ಇಳಿದು ಅಂಗಡಿ ತೆರೆದು ಸಂಜೆ ಏರಿ ಮನೆಗೆ ಹೋಗುತ್ತಿದ್ದರಂತೆ. ನಾವೂ ಅದರಲ್ಲೇ ಇಳಿದು ಹಳೆಯ ಪರದೇಶಿ ಬಡಾವಣೆಗೆ ಬಂದೆವು. 1868ರ ಜನವರಿ 1ರಂದು ಬಂದರು ತೆರೆದಾಗ ಇಲ್ಲಿ ನೆಲ ಅಳೆದು 126 ನಿವೇಶನ ಮಾಡಿ ಪರದೇಶಿಯರಿಗೆ ಕೊಟ್ಟರು. 1899ರಲ್ಲಿ ಬಡಾವಣೆ ಜಪಾನಿನ ಕೈಗೆ ಮರಳಿ ಬಂತು. ಆದರೆ ಹಳೆಯ ನಿವೇಶನದ ನಂಬರು ಇಂದಿಗೂ ಕಟ್ಟಡಗಳಿಗೆ ಹೆಸರಾಗಿ ಉಳಿದಿದೆ. ಚೀನದವರಿಗೆ ಮಾತ್ರ ಒಳಗೆ ಜಾಗ ಸಿಗಲಿಲ್ಲ, ಅವರ ರಾಜ್ಯಕ್ಕೂ ಜಪಾನಿಗೂ ಆಗ ಕರಾರು ಇರಲಿಲ್ಲ. ಅವರು ಪಶ್ಚಿಮದ ಅಂಚಿನಲ್ಲಿ ನೆಲೆಸಿದರು. ಅದೇ ಈಗಿನ ನಾಂಕಿನ್‌ಮಾಚಿ ಪೇಟೆ. ಗಡಿಯಲ್ಲಿ ಬಾಳುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

15ನೇ ನಂಬರಿನ ಮನೆ 1880ರ ಸುಮಾರಿನದು, ಒಂದು ಕಾಲಕ್ಕೆ ಅಮೆರಿಕದ ಕಾನ್ಸುಲರ ಕಚೇರಿ. 1995ರಲ್ಲಿ ಅದು ಪೂರ್ತಿ ಕುಸಿಯಿತು. ಬಿದ್ದ ಮರಮುಟ್ಟುಗಳನ್ನೇ ಆರಿಸಿ ಮತ್ತೆ ಅಲ್ಲಿಯೇ ನಿಲ್ಲಿಸಿದ್ದಾರೆ.

1995ರ ಜನವರಿ 17, ಬೆಳಗಿನ 5 ಗಂಟೆ 46 ನಿಮಿಷ. ತೀರಿಕೊಂಡವರು 6,434 ಜನ. ಹೆಚ್ಚಿನವರು ತಮ್ಮದೇ ಮನೆಯ ಕೆಳಗೆ ಸಿಕ್ಕಿದವರು. ಹಳೆಯ ಕಟ್ಟಿಗೆಯ ಮನೆಗಳ ಮೇಲೆ ಮಣ್ಣು ಹಾಸಿ ಭಾರವಾದ ಹಂಚು ಹೊದಿಸಿದ್ದರು. ಇದನ್ನು ತಿಳಿದಾಗ ನಮಗೆ ಕಿಲ್ಲಾರಿ ನೆನಪಾಯಿತು. 1993ರ ಸೆಪ್ಟೆಂಬರ್ 30, ಅನಂತ ಚತುರ್ದಶಿಯ ಮರುದಿನ ನಸುಕಿನ 3 ಗಂಟೆ 56 ನಿಮಿಷ. ದಶಲಕ್ಷಣ ಪರ್ವ ಮುಗಿಸಿ ಮಲಗಿದ್ದ ನಾವು ಮಕ್ಕಳನ್ನೆತ್ತಿಕೊಂಡು ಬೀದಿಗೆ ಓಡಿದ್ದೆವು. ಅಲ್ಲಿಯೂ ಜನರನ್ನು ಕೊಂದದ್ದು ತಲೆಯ ಮೇಲಿನ ಭಾರವೇ, ಕಲ್ಲಿನ ಗೋಡೆ, ಮೊಳಗಟ್ಟಲೆ ಮಣ್ಣಿನ ಮಾಳಿಗೆ.

ಬಡಾವಣೆಯ ಪೂರ್ವಕ್ಕಿರುವ ಉದ್ಯಾನದಲ್ಲಿ ನೆಲದಡಿಯ ಒಂದು ಕೋಣೆ ಇದೆ. ಗೋಡೆಯ ತುಂಬ ತೀರಿಕೊಂಡವರ ಹೆಸರಿನ ಫಲಕಗಳು. ಓದಲು ಬಾರದಿದ್ದರೂ ನಾವು ಒಂದು ಸುತ್ತು ಬಂದೆವು. ಒಬ್ಬ ಅಜ್ಜಿ ಒಂದು ಫಲಕದ ಮೇಲೆ ಬೆರಳಿಟ್ಟು ನಿಂತಿದ್ದರು.

ಕೊನೆಗೆ ಮೆರಿಕೆನ್ ಧಕ್ಕೆ. 'ಅಮೆರಿಕನ್' ಎಂಬುದೇ ಜಪಾನಿಗಳ ಬಾಯಲ್ಲಿ ಮೆರಿಕೆನ್ ಆಗಿದೆ. ಊರೆಲ್ಲ ಹೊಸದಾಗಿ ಕಟ್ಟಿದವರು ಇಲ್ಲಿ ಸುಮಾರು 60 ಮೀಟರ್ ಧಕ್ಕೆಯನ್ನು ಮುರಿದಂತೆಯೇ ಬಿಟ್ಟಿದ್ದಾರೆ. ಕಲ್ಲು ಬಿರಿದಿದೆ, ದೀಪದ ಕಂಬ ವಾಲಿದೆ, ಸಂದಿಯಲ್ಲಿ ನೀರು ಅಲುಗುತ್ತಿದೆ. 1994ರಲ್ಲಿ ಕಂಟೇನರ್ ಸಾಗಾಟದಲ್ಲಿ ಕೋಬೆ ಜಗತ್ತಿನ 6ನೇ ಬಂದರು. ದುರಸ್ತಿ ಎರಡೇ ವರ್ಷದಲ್ಲಿ, 1997ರಲ್ಲಿ ಮುಗಿಯಿತು. ಅಷ್ಟರಲ್ಲಿ ಸರಕು ಕೊರಿಯಾದ ಬುಸಾನ್ ಮುಂತಾದ ಕಡೆ ತಿರುಗಿತ್ತು. ಹಳೆಯ ಸ್ಥಾನ ಮತ್ತೆ ಬರಲಿಲ್ಲ. ಒಮ್ಮೆ ಬೇರೆ ಅಂಗಡಿಯ ಮೆಟ್ಟಿಲು ಹತ್ತಿದ ಗಿರಾಕಿಯನ್ನು ಮರಳಿ ಕರೆಯುವುದು ಎಷ್ಟು ಕಷ್ಟವೆಂದು ನಾವು ಬಲ್ಲೆವು.

ನಮ್ಮ ಕಾಳಿನ ಅಂಗಡಿಗೆ ಸಾಸ್ತೂರ ಕಡೆಯ ಕೆಲವು ಗಿರಾಕಿಗಳಿದ್ದರು. ಆ ಸೆಪ್ಟೆಂಬರಿನ ನಂತರ ಮೂವರು ಬರಲಿಲ್ಲ. ದೀಪಾವಳಿಗೆ ಹೊಸ ವಹಿ ತೆರೆಯುವಾಗ ಅವರ ಉದ್ರಿ ಹೊಡೆದುಹಾಕೋಣವೆಂದು ಗುಮಾಸ್ತರು ಹೇಳಿದರು. ನಮಗೆ ಕೈ ಬರಲಿಲ್ಲ. ವಸೂಲಿಯ ಆಸೆಯಿಂದಲ್ಲ. ಆ ವಹಿ ಇನ್ನೂ ಕಪಾಟಿನಲ್ಲಿದೆ. ಹಳೆಯ ರದ್ದಿ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಮನೆಯವರು ಪ್ರತಿ ವರ್ಷ ಕೇಳುತ್ತಿದ್ದರು. ಧಕ್ಕೆಯ ಮುಂದೆ ನಿಂತಾಗ ಅವರೇ, "ಊರಿಗೆ ಹೋದ ಮೇಲೆ ಆ ವಹಿಗೆ ಒಂದು ಹೊಸ ರಟ್ಟು ಹಾಕಿಸಿರಿ" ಎಂದರು.

ಹೊತ್ತು ಮುಳುಗುವುದರೊಳಗೆ ಊಟವಾಗಬೇಕಿತ್ತು. ಅಲ್ಲೇ ಬೆಂಚಿನ ಮೇಲೆ ರೊಟ್ಟಿ ಬಿಚ್ಚಿದೆವು. ಹೋಗುವವರಿಗೆ ಒಂದು ಮಾತು: ಬೆಟ್ಟದಿಂದ ಸಮುದ್ರಕ್ಕೆ ಇಳಿಯಿರಿ, ಮೊಣಕಾಲಿಗೆ ಸುಖ. ಧಕ್ಕೆಯಿಂದ ಮೊತೊಮಾಚಿ ಸ್ಟೇಷನ್ ಹತ್ತಿರವೇ ಇದೆ.